ಮಂದಾಕಿನಿಗೆ ಒಂದು ರವಿಕೆ ಬಟ್ಟೆ

ಗೆಳೆಯರೇ, ನಾನು ಪತ್ತೇದಾರಿ ಕಥೆಗಳನ್ನು ನನ್ನ ಹೆಸರಿನಲ್ಲೂ ಸಂಸಾರದ ಕಥೆಗಳನ್ನು 'ಶ್ರೀಮತಿ ಮಂದಾಕಿನಿ' ಎಂಬ ಹೆಸರಿನಲ್ಲೂ ಬರೆಯುವುದು ನಿಮಗೆ ಗೊತ್ತು. ಹೊಸ ಬಡಾವಣೆ ಜಯನಗರದ ಈ ಮನೆಯ ಬಾಡಿಗೆ ಕೊಲೆಗಳಿಂದ ಹುಟ್ಟುತ್ತದೆ, ಅಮ್ಮನ ಔಷಧಿ ಮಂದಾಕಿನಿಯಿಂದ. ಮಗ ಹೆಂಗಸಿನ ಹೆಸರಿನಲ್ಲಿ ಬರೆಯುತ್ತಾನೆಂದು ಅಮ್ಮನಿಗೆ ಹೇಳಲು ಮಾತ್ರ ನಾಚಿಕೆ.

ಇವತ್ತು ಬೆಳಿಗ್ಗೆ ಹೆಂಡತಿ ಮಾಸಪತ್ರಿಕೆಯಿಂದ ಮಂದಾಕಿನಿಯ ಹೊಸ ಕಥೆ ಓದಿ ಹೇಳಿದಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು.

"ನೋಡೋ, ಬರೆದ್ರೆ ಹೀಗೆ ಬರೀಬೇಕು. ನೀನು ಬರೀ ಹೆಣ ಬೀಳಿಸ್ತೀಯ."

"ಆಯ್ತಮ್ಮ, ಕಲೀತೀನಿ," ಎಂದೆ. ಒಳಗೊಳಗೇ ಉರಿಯಿತು. ಎರಡಕ್ಕೂ ನಿದ್ದೆಗೆಟ್ಟವನು ನಾನೇ ತಾನೆ?

ಸಂಜೆ ಮುಂದಿನ ಕಥೆ ಕೊಡಲು ಪತ್ರಿಕೆಯ ಆಫೀಸಿಗೆ ಹೊರಟೆ. ಅಮ್ಮ ತಟ್ಟೆಯಲ್ಲಿ ಎಲೆ ಅಡಿಕೆ, ಹಸಿರು ರವಿಕೆ ಬಟ್ಟೆ ಇಟ್ಟುಕೊಂಡು ಬಾಗಿಲಿಗೆ ಬಂದರು.

"ಆಕೆ ಸಿಕ್ಕಿದ್ರೆ ಕೊಡು. ಮುತ್ತೈದೆ ತಾನೆ?"

"ಹೂಂ," ಎಂದೆ.

"ಔಷಧಿ ಒಗ್ಗಿದೆ, ಮಂಡಿನೋವು ಎಷ್ಟೋ ಕಡಿಮೆ ಆಗಿದೆ ಅಂತಾನೂ ಹೇಳು."

ಸೈಕಲ್ಲನ್ನು ಗೋಡೆಗೆ ಒರಗಿಸಿ ಹಿಂತಿರುಗಿ ನೋಡಿದೆ. ಅಮ್ಮ ಆಗಲೇ ಒಳಗೆ ಹೋಗಿದ್ದರು.

ಈಗ ಹೆಂಡತಿ ಟೇಪು ಹಿಡಿದು ಪಕ್ಕದಲ್ಲೇ ನಿಂತಿದ್ದಾಳೆ. ಮಂದಾಕಿನಿಯ ತೋಳಿನ ಅಳತೆ ಬೇಕಂತೆ.