ಕೆಂಪು ಅರಗು ಹಚ್ಚಿದ ಕೊಡಲಿ ಕಾವು

ನಾನು ಚಿಕ್ಕವನಿದ್ದಾಗ ನನ್ನ ಬಾಯಿಗೆ ಹೆದರದವರು ಮನೆಯಲ್ಲಿ ಯಾರೂ ಇರಲಿಲ್ಲ. ‘ಯಾಕೆ?’ ಅಂತ ಕೇಳದೆ ಮುದ್ದೆಯ ತುತ್ತನ್ನೂ ನುಂಗುತ್ತಿರಲಿಲ್ಲ ನಾನು.

ಒಂದು ದಿನ ಅಕ್ಕ ಗಂಡನ ಮನೆ ಚನ್ನಪಟ್ಟಣದಿಂದ ನಮ್ಮೂರು ಕೂಟಗಲ್ಲಿಗೆ ಬಂದಳು. ಬೊಂಬೆ ಮಾಡುವ ಭಾವ, ಅಪ್ಪನ ಕೊಡಲಿಗೆಂದು ಹೊಸ ಕಾವು ಮಾಡಿ ಕಳಿಸಿದ್ದ. ಗಟ್ಟಿ ಜಾಲಿ ಮರದ್ದು. ಆದರೆ ಭಾವನ ಕೈ ಸುಮ್ಮನಿದ್ದೀತೆ? ಬೊಂಬೆಗೆ ಹಚ್ಚುವ ಹಾಗೆ ಅದಕ್ಕೂ ತುದಿಯಿಂದ ತುದಿಗೆ ಕೆಂಪು ಅರಗು ಹಚ್ಚಿಬಿಟ್ಟಿದ್ದ! ಬಿಸಿಲಿಗೆ ಹಿಡಿದರೆ ಅದರಲ್ಲಿ ನನ್ನ ಮೂಗು ಕಾಣುತ್ತಿತ್ತು.

ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಕಾವಿನಲ್ಲಿ ಅಪ್ಪ ಹುಡುಕುತ್ತಿದ್ದುದು ಮರದ ಎಳೆಯನ್ನು. ಎಳೆ ಉದ್ದಕ್ಕೂ ನೇರ ಹರಿದಿರಬೇಕು. ಪಕ್ಕಕ್ಕೆ ಜಾರಿತೋ, ಏಟು ಬಿದ್ದಾಗ ಕಾವು ಅಲ್ಲೇ ಸೀಳಿ ಕೊಡಲಿ ಕಾಲಿನ ಮೇಲೆ ಬರುತ್ತದೆ. ಅರಗಿನ ಕೆಳಗೆ ಎಳೆ ಕಾಣುವುದಾದರೂ ಹೇಗೆ?

“ಚೆಂದಾಗೈತೆ ಕಣವ್ವ. ಆದ್ರೆ ಎಳೆ ಕಾಣಾಕಿಲ್ಲ, ಗೋಡೆಗೆ ತಗಲಾಕಾನ,” ಅಂದ ಅಪ್ಪ.

ಅಕ್ಕನ ಮುಖ ಸಣ್ಣದಾಯಿತು. “ಸೌದೆ ಒಡೀಲಿ ಅಂತ ಅವ್ರು ಕೊಟ್ರೆ ಗೋಡೆಗಾ? ಕೇಳುದ್ರೆ ನಾನೇನಂತ ಏಳ್ಲಿ?”

ನಾನು ಬಿಡುತ್ತೇನೆಯೇ? “ಅಪ್ಪಾ, ಎಳೆ ಕಾಣಾಕಿಲ್ಲ ಅಂತೀಯ. ಕಾಣ್ದಿದ್ ಮ್ಯಾಲೆ ಕೆಟ್ಟದ್ದು ಅಂತ ಎಂಗ್ ಗೊತ್ತಾಯ್ತು? ಅಕ್ಕಾ, ಒಳ್ಳೇದು ಅಂತ ನಿಂಗೆಂಗ್ ಗೊತ್ತು?”

“ಲಾಯರಪ್ಪ ಬಂದ ನೋಡು! ಕೆರುದ್ರೆ ತಾನೇ ತಿಳಿಯಾದು? ಅಳಿಯಂದ್ರು ಆಕಿರೋ ಬಣ್ಣ ನಾನ್ ಕೆರಿಯಕಾಯ್ತದಾ?” ಅಂದ ಅಪ್ಪ.

ಕೆರೆದಾಗ ಒಳಗಿನ ಎಳೆ ಕೆಟ್ಟಿದ್ದರೆ ಮಾನ ಹೋಗುವುದು ಭಾವನದು. ಆದರೂ ಅಕ್ಕ ಎದ್ದು, ಒಡೆದ ಸೀಸೆಯ ಚೂರು ತಂದು ತಾನೇ ಕೆರೆಯತೊಡಗಿದಳು. ಕೆಂಪು ಪುಡಿ ಸೀರೆಯ ಮೇಲೆಲ್ಲ ಉದುರಿತು. ಅರಗಿನ ಕೆಳಗೆ ಕಂದು ಮರ ಕಂಡಿತು. ಎಳೆಗಳು ಬಾಚಿದ ಕೂದಲಿನ ಹಾಗೆ ನೇರ! ಒಂದೂ ಪಕ್ಕಕ್ಕೆ ಜಾರಿರಲಿಲ್ಲ.

ಅಪ್ಪ ಹೆಬ್ಬೆರಳಿನಿಂದ ಸವರಿದ. “ಗರಗಸದಲ್ಲಿ ಕುಯ್ದಿಲ್ಲ ಕಣವ್ವ, ಎಳೆ ಇಡ್ಕಂಡೇ ಸೀಳವ್ರೆ. ಭೇಷ್! ಇನ್ನೊಂದ್ಸಲ ಬಣ್ಣ ಮಾತ್ರ ಬ್ಯಾಡ ಅನ್ನು, ಕೈ ಜಾರ್ತದೆ.”

ಆಗಲೇ ಕಾವು ಕೂರಿಸಿ ಹುಣಸೆ ಬೊಡ್ಡೆಗೆ ಏಟು ಹಾಕಿದ. ಮೊದಲ ಏಟಿಗೆ ಅಕ್ಕ ಕಣ್ಣು ಮುಚ್ಚಿಕೊಂಡಳು. ಎರಡನೆಯದಕ್ಕೆ ನಕ್ಕಳು.

ಮಕ್ಕಳೇ, ನಿಮಗೀಗ ಮೊಬೈಲು, ರಿಮೋಟು ಎಲ್ಲವೂ ಮುಚ್ಚಿಯೇ ಬರುತ್ತದೆ. ಒಳಗೇನಿದೆ ನೋಡೋಣ ಅಂತ ನಾನು ಸ್ಕ್ರೂ ತಿರುಗಿಸಿದರೆ “ತಾತ, ಬಿಚ್ಚಿದ್ರೆ ಗ್ಯಾರಂಟಿ ಹೋಗುತ್ತೆ!” ಅಂತ ಕೂಗುತ್ತೀರಿ. ನಿಮ್ಮ ಸಾಮಾನುಗಳು ನಮ್ಮವಕ್ಕಿಂತ ಚುರುಕು, ಒಪ್ಪಿದೆ. ಆದರೆ ನಮ್ಮ ಮನೆಯಲ್ಲಿ ಗ್ಯಾರಂಟಿ ಶುರುವಾಗಿದ್ದೇ ಅಕ್ಕ ಕೆರೆದ ಮೇಲೆ.