ಒಂದೇ ವರ್ಗದ ಎರಡು ಹೊಲ

ಕಾಗವಾಡ ಕಡೆಯ ಆ ಪ್ರಕರಣವನ್ನು ನಮ್ಮ ಕಚೇರಿಯಲ್ಲಿ ಈಗಲೂ ಹೀಗೆ ಹೇಳುತ್ತಾರೆ: ಮಣ್ಣಿನ ವರದಿ ಸರಿಯಾಗಿಯೇ ಇತ್ತು, ಹೊಲ ಪಡೆದ ಹೆಂಗಸು ಹೊಳೆಯ ನೀರನ್ನು ಬೇಕಾಬಿಟ್ಟಿ ಹಾಯಿಸಿ ಭೂಮಿಯನ್ನು ಸವಳು ಮಾಡಿಕೊಂಡಳು. ಹೊಸದಾಗಿ ಸೇರಿದವರಿಗೆ ತರಬೇತಿ ಕೊಡುವಾಗ ಈ ಕಥೆಯ ಜೊತೆಗೆ ನನ್ನ ವರದಿಯ ಪ್ರತಿಯನ್ನೂ ತೋರಿಸುತ್ತಾರೆ, ಅಚ್ಚುಕಟ್ಟಾದ ವರದಿ ಹೇಗಿರಬೇಕು ಎಂಬುದಕ್ಕೆ.

ಈ ಕಥೆಯಲ್ಲಿ ಒಂದು ತೊಂದರೆ ಇದೆ. ಸವಳು ಎಂದರೆ ಉಪ್ಪು ಮೇಲೆದ್ದು ಬೆಳೆ ಹಿಡಿಯದ ನೆಲ. ನೀರು ಜಾಸ್ತಿಯಾಗಿ ಒಳ್ಳೆಯ ಹೊಲ ಸವಳಾಗಲು ವರ್ಷಗಳೇ ಬೇಕು. ಸಖೂಬಾಯಿ ಎಂಬ ಆ ಹೆಂಗಸಿನ ಕೈಗೆ ಆ ಹೊಲ ಬಂದು ಆಗಿದ್ದದ್ದು ಐದು ತಿಂಗಳು. ಅಷ್ಟರಲ್ಲಿ ಅಷ್ಟು ಉಪ್ಪು ಮೇಲೇರಬೇಕಾದರೆ ಅದು ಮೊದಲೇ ಕೆಳಗೆ ಇದ್ದಿರಬೇಕು. ಇದ್ದದ್ದನ್ನು ನೋಡದೆ ಬಿಟ್ಟವರು ಯಾರು? ವರದಿಯ ಕೊನೆಯ ಪುಟದ ಸಹಿ ನನ್ನದು.

ಕೋವಿಡ್ ಮುಗಿದ ಮರುವರ್ಷದ ಮಾತು. ಮಣ್ಣುವಿಜ್ಞಾನದಲ್ಲಿ ಎಂ.ಎಸ್‌ಸಿ. ಮುಗಿಸಿ ಗುತ್ತಿಗೆಯ ಮೇಲೆ ಮಣ್ಣು ಸಮೀಕ್ಷಕಿಯಾಗಿ ಸೇರಿ ಎಂಟು ತಿಂಗಳಾಗಿತ್ತು. ಅಥಣಿಯಲ್ಲಿ ಬಾಡಿಗೆ ಕೋಣೆ, ಕೃಷ್ಣೆಯ ದಂಡೆಯ ಹಳ್ಳಿಗಳು ಕೆಲಸದ ಜಾಗ. ಕಾಲೇಜಿನ ಎಲ್ಲ ವರ್ಷವೂ ಚರ್ಚಾಸ್ಪರ್ಧೆಗೆ ಹೋದವಳು ನಾನು. ಯಾರಾದರೂ ‘ಇದು ಎಲ್ಲರಿಗೂ ಗೊತ್ತಿದ್ದದ್ದೇ’ ಎಂದರೆ ‘ಎಲ್ಲರಿಗೂ ಅಂದರೆ ಯಾರಿಗೆ?’ ಎಂದು ಕೇಳದೆ ಬಿಡುತ್ತಿರಲಿಲ್ಲ. ಮಣ್ಣಿನ ಕೆಲಸಕ್ಕೆ ಈ ಗುಣ ಒಳ್ಳೆಯದೆಂದು ನಂಬಿದ್ದೆ.

ಪ್ರಕರಣ ಸರಳವಾಗಿತ್ತು. ಶಿರಗುಪ್ಪಿಯಿಂದ ಒಳಗೆ, ಹೊಳೆಯ ಪಕ್ಕದ ಒಂದು ಹಳ್ಳಿ. ಅಲ್ಲಿನ ಕಬ್ಬಿನ ರೈತರು ಕೂಡಿಕೊಂಡು ಏತ ನೀರಾವರಿ ಮಾಡುವವರಿದ್ದರು. ನೀರೆತ್ತಿ ನಿಲ್ಲಿಸುವ ತೊಟ್ಟಿಗೆ ದಂಡೆಯ ಮೇಲಿನ ಎತ್ತರದ ಜಾಗ ಬೇಕಿತ್ತು. ಆ ಜಾಗ ಸಖೂಬಾಯಿಯವರದು. ಮೂವತ್ತು ಗುಂಟೆ, ಅವರ ಮಾವನಿಗೆ ಸರ್ಕಾರ ಮಂಜೂರು ಮಾಡಿದ್ದು, ಅವರಿಗಿದ್ದ ಭೂಮಿ ಅಷ್ಟೇ. ಗಂಡ ತೀರಿಹೋಗಿದ್ದರು, ಮಗಳ ಮದುವೆಯಾಗಿತ್ತು. ಆ ಮೂವತ್ತು ಗುಂಟೆಯಲ್ಲಿ ಮೆಂತ್ಯ, ಬದನೆ, ಉಳ್ಳಾಗಡ್ಡಿ ಬೆಳೆದು ಸಂತೆಗೆ ಒಯ್ಯುತ್ತಿದ್ದರು. ಉಳಿದ ದಿನ ಬೇರೆಯವರ ಕಬ್ಬಿಗೆ ಕೂಲಿ. ಬದಲಿಗೆ ಮೂವತ್ತೆರಡು ಗುಂಟೆ ಕೊಡುತ್ತೇನೆ ಎಂದವರು ಬಾಳಗೌಡರು, ರೈತರ ಗುಂಪಿನ ಮುಂದಾಳು, ಹಳೆಯ ಮನೆತನದವರು. ಮಂಜೂರಾದ ಜಮೀನು ಅನುಮತಿ ಇಲ್ಲದೆ ಕೈ ಬದಲಾಗುವಂತಿಲ್ಲ. ಎರಡೂ ಹೊಲದ ಮಣ್ಣು ಸಮಾನ ವರ್ಗದ್ದೇ ಎಂದು ನೋಡಿ ಹೇಳಬೇಕಾದದ್ದು ನನ್ನ ಕೆಲಸ.

ಹೊಳೆದಂಡೆಯ ಮಣ್ಣಿನ ಬಗ್ಗೆ ಎರಡು ಮಾತು ಹೇಳಬೇಕು. ಪ್ರವಾಹ ಬಂದಾಗ ನದಿ ಮೊದಲು ಭಾರದ ಮರಳನ್ನು, ಆಮೇಲೆ ಗೋಡನ್ನು, ಅಂದರೆ ಹಿಟ್ಟಿನಂಥ ನಯ ಹೂಳನ್ನು, ದಂಡೆಯ ಹತ್ತಿರವೇ ಬಿಡುತ್ತದೆ. ಜಿಗುಟಾದ ಸಣ್ಣ ಜೇಡಿ ದೂರದ ತಗ್ಗಿಗೆ ಹೋಗಿ ಕೂರುತ್ತದೆ. ಆದ್ದರಿಂದ ದಂಡೆಯ ಮೇಲೆ ಸಿಗುವುದು ಕ್ಲೇ ಲೋಮ್, ಜೇಡಿ ಮೂರನೇ ಒಂದು ಪಾಲು, ಉಳಿದದ್ದು ಮರಳು ಮತ್ತು ಗೋಡು. ನೀರು ಹಿಡಿಯುತ್ತದೆ, ಹಿಡಿದುಕೊಂಡೇ ಕೂರುವುದಿಲ್ಲ. ತಗ್ಗಿನಲ್ಲಿ ಸಿಗುವುದು ಎರೆ, ನೀರು ಇಳಿಯದ, ಬೇಸಿಗೆಯಲ್ಲಿ ಬಿರಿಯುವ, ಕಬ್ಬಿನ ನೀರು ನಿಂತು ನಿಂತು ಉಪ್ಪೇರುವ ಮಣ್ಣು. ನಿಜವಾದ ಮೆಕ್ಕಲಿನಲ್ಲಿ ಒಂದೊಂದು ಪ್ರವಾಹಕ್ಕೂ ಒಂದೊಂದು ತೆಳು ಗೆರೆ ಇರುತ್ತದೆ. ಗುಂಡಿಯ ಗೋಡೆಯಲ್ಲಿ ಅದು ಕಾಣಬೇಕು.

ಸಖೂಬಾಯಿಯವರ ಹೊಲದಲ್ಲಿ ಕಂಡಿತು. ಒಂದೂವರೆ ಮೀಟರ್ ಗುಂಡಿ, ಅವರೇ ನಿಂತು ತೋಡಿಸಿದ್ದು. ಗೋಡೆಯುದ್ದಕ್ಕೂ ಮರಳಿನ ಗೆರೆಗಳು. ಒದ್ದೆ ಮಣ್ಣನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಪಟ್ಟಿ ಎಳೆಯುವುದು ನಮ್ಮ ಪದ್ಧತಿ. ಪಟ್ಟಿ ಎಷ್ಟು ಉದ್ದ ಬಂದು ಮುರಿಯುತ್ತದೆ ಎಂಬುದರ ಮೇಲೆ ಮಣ್ಣಿನ ಹೆಸರು. ನಾಲ್ಕು ಸೆಂಟಿಮೀಟರ್ ಬಂತು.

“ಶ್ಯಾವಿಗಿ ಹೊಸ್ಯಾಕತ್ತೀರೇನ್ರಿ ಮೇಡಂ?” ಎಂದರು ಸಖೂಬಾಯಿ ಮೇಲೆ ನಿಂತು.

“ಮಣ್ಣಿನ ಹೆಸರು ಕೇಳ್ತಾ ಇದೀನಿ.”

“ಹೆಸರ ಹೇಳಿದ್ರ ನಮಗೂ ಹೇಳ್ರಿ. ಮೂವತ್ತ ವರಸಾತು, ನಾ ಬರೇ ‘ಏ’ ಅಂತ ಕರ್ಯಾಕತ್ತೀನಿ.”

ಮಧ್ಯಾಹ್ನ ನಾನೂ ಗುಂಡಿ ತೋಡುವವರೂ ಬಾಳಗೌಡರ ಜೊತೆ ಅವರ ಹೊಲಕ್ಕೆ ಹೋದೆವು. ಒಂದು ಕಿಲೋಮೀಟರ್ ದೂರ, ದಂಡೆಯಿಂದ ಸ್ವಲ್ಪ ಇಳಿಜಾರಿಗೆ. ಕಬ್ಬು ನಿಂತಿತ್ತು. ಹತ್ತು ತಿಂಗಳ ಕಬ್ಬೆಂದು ಕಾಗದದಲ್ಲಿತ್ತು, ಎದೆಮಟ್ಟಕ್ಕೂ ಬಂದಿರಲಿಲ್ಲ.

“ಯಾಕೆ ಇಷ್ಟೇ ಇದೆ?” ಎಂದೆ.

“ತಡಾ ಹಚ್ಚೀವ್ರಿ ತಂಗಿ. ಕಾಗದದಾಗ ಏನೇನೋ ಬರೀತಾರ.”

ಗುಂಡಿಗೆ ಹೊಲದ ನಡುಭಾಗ ಬೇಕೆಂದೆ. ಅವರು ನಕ್ಕರು. “ನಡಬರಕ ಹ್ವಾದ್ರ ನಾಲ್ಕ ಸಾಲ ಕಬ್ಬ ಹಾಳ ಆಕೈತಿ. ಕಬ್ಬಿನ ಗರಿ ನಿಮ್ಮ ಮಾರೀನೂ ಕೊಯ್ತಾವ. ಇಲ್ಲಿ ದಾರಿ ಬಾಜೂಕ ಮೋಕಳ ಐತಿ ನೋಡ್ರಿ. ಹೊಲಾ ಒಂದs, ಮಣ್ಣ ಒಂದs.”

ದಾರಿಯ ಪಕ್ಕ ತೋಡಿದೆವು. ನೂರ ಹತ್ತು ಸೆಂಟಿಮೀಟರ್‌ಗೆ ನಿಲ್ಲಿಸಿದೆವು. ಅಲ್ಲಿಯವರೆಗೂ ಒಂದೇ ಮಣ್ಣು, ಕಂದು, ಮೃದು, ಪಟ್ಟಿ ನಾಲ್ಕು ಸೆಂಟಿಮೀಟರ್. ಆಮೇಲೆ ಪ್ರಯೋಗಾಲಯದಲ್ಲೂ ಜೇಡಿಯ ಪ್ರಮಾಣ ಸಖೂಬಾಯಿಯವರ ಹೊಲದ್ದು ಶೇಕಡಾ ಮೂವತ್ನಾಲ್ಕು, ಇಲ್ಲಿಯದು ಮೂವತ್ಮೂರು ಬಂತು. ಒಂದು ವ್ಯತ್ಯಾಸವಿತ್ತು. ಈ ಗುಂಡಿಯಲ್ಲಿ ಪ್ರವಾಹದ ಗೆರೆಗಳಿರಲಿಲ್ಲ, ಮಣ್ಣು ಕಲಸಿದಂತಿತ್ತು. ‘ಉಳುಮೆಯಿಂದ ಪದರಗಳು ಅಳಿಸಿವೆ’ ಎಂದು ಬರೆದೆ. ನೇಗಿಲು ಅಷ್ಟು ಆಳಕ್ಕೆ ಹೋಗುವುದಿಲ್ಲ ಎಂದು ಗೊತ್ತಿತ್ತು. ‘ಬೇರು, ಎರೆಹುಳುಗಳಿಂದಲೂ’ ಎಂದು ಸೇರಿಸಿದೆ. ವಾದ ಗಟ್ಟಿಯಾಯಿತು.

ಹದಿನೈದು ದಿನದ ಮೇಲೆ ಊರ ಚಾವಡಿಯಲ್ಲಿ ವಿಚಾರಣೆ. ತಾಲೂಕಿನ ಅಧಿಕಾರಿ, ಬಾಳಗೌಡರು, ನಾನು ಕುರ್ಚಿಯಲ್ಲಿ, ಗುಂಪಿನ ರೈತರು ಬೆಂಚಿನ ಮೇಲೆ, ಸಖೂಬಾಯಿ ಬಾಗಿಲ ಬಳಿ ನೆಲದ ಮೇಲೆ. ನಾನು ವರದಿ ಓದಿದೆ. ತಕರಾರು ಇದೆಯೇ ಎಂದು ಅಧಿಕಾರಿ ಕೇಳಿದರು.

“ಐತ್ರಿ,” ಎಂದರು ಸಖೂಬಾಯಿ. “ಆ ಮಣ್ಣ ಹೊಲದ್ದಲ್ರಿ. ಹೊಳಿಯಿಂದ ತಂದ ಹಾಕಿದ್ದೈತಿ. ಕೆಳಗ ಸವಳ ಐತ್ರಿ.”

ಉತ್ತರ ಕೊಡಬೇಕಾದವಳು ನಾನು. “ಯಾವ ವರ್ಷ ಹಾಕಿದ್ದು?” ಎಂದೆ.

“ವರಸಾ ಎಲ್ಲಿ ನೆಪ್ಪ ಇರತೈತ್ರಿ. ನಮ್ಮ ಮಗಳ ಲಗ್ನದ ಮದ್ಲ ಎರಡ ಬ್ಯಾಸಗಿ.”

“ಎಷ್ಟು ದಪ್ಪ?”

“ಒಂದ ಮೊಳ ಬಂದೀತ್ರಿ.”

“ಕಾಗದ ಇದೆಯಾ? ಮಣ್ಣು ಸಾಗಿಸಿದ್ದಕ್ಕೆ ಪರವಾನಗಿ, ಫೋಟೋ, ಏನಾದರೂ?”

“ಆಗ ಸಖೂಬಾಯಿ ಕಡೆ ಸೆಲ್ಫೀ ಫೋನ ಇರಲಿಲ್ರಿ ಮೇಡಂ,” ಎಂದ ಬೆಂಚಿನ ಮೇಲಿದ್ದ ಒಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ನನ್ನ ಪೂರ್ತಿ ವಾದ ಇಟ್ಟೆ. “ನೋಡಿ, ಒಂದು ಮೊಳ ಅಂದರೆ ನಲವತ್ತೈದು ಸೆಂಟಿಮೀಟರ್. ಗುಂಡಿಯಲ್ಲಿ ನೂರ ಹತ್ತರವರೆಗೂ ಅದೇ ಮಣ್ಣಿದೆ. ನೀವು ಹೇಳಿದ್ದೇ ನಿಜ ಅಂತ ಇಟ್ಟುಕೊಂಡರೂ, ಉಳಿದ ಅರವತ್ತೈದು ಎಲ್ಲಿಂದ ಬಂತು?”

ಸಖೂಬಾಯಿ ಬಾಗಿಲಿನಿಂದ ತುಸು ಮುಂದೆ ಸರಿದು, “ಗುಂಡಿ ಎಲ್ಲಿ ತೋಡಿದ್ರಿ?” ಎಂದರು.

ಅಷ್ಟರಲ್ಲಿ ಬಾಳಗೌಡರು, “ಸಖೂ, ಮೇಡಮ್ಮಾರಿಗಿಂತ ನೀ ಜಾಸ್ತಿ ಕಲತೀಯೇನ? ಉಗs ಯಾಕ ಬಡಬಡ್ಸ್ತೀ?” ಎಂದರು. ಚರ್ಚಾಸ್ಪರ್ಧೆಯಲ್ಲಿ ಕಲಿತ ಒಂದು ವಿದ್ಯೆ ಇದೆ: ನಿಮ್ಮ ಪ್ರಶ್ನೆಗೆ ಉತ್ತರ ಬರುವವರೆಗೆ ಎದುರಾಳಿಯ ಪ್ರಶ್ನೆಗೆ ಇಳಿಯಬೇಡಿ. ನಾನು ಇಳಿಯಲಿಲ್ಲ. ಸಖೂಬಾಯಿ ಒಪ್ಪಿಗೆ ಪತ್ರಕ್ಕೆ ಮರಾಠಿಯಲ್ಲಿ ಸಹಿ ಮಾಡಿದರು. ಅಧಿಕಾರಿ ಹೊರಗೆ ಬಂದು, “ಚಲೋ ವಾದ ಮಾಡಿದ್ರಿ,” ಎಂದರು. ಖುಷಿಯಾಯಿತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಸಂಕ್ರಾಂತಿ ಹೊತ್ತಿಗೆ ಕಬ್ಬು ಕಡಿದು ಹೊಲ ಕೊಟ್ಟರು. ದಂಡೆಯ ಮೇಲೆ ಸಿಮೆಂಟಿನ ತೊಟ್ಟಿ ಎದ್ದಿತು. ಸಖೂಬಾಯಿ ಹೊಸ ಹೊಲ ಹದ ಮಾಡಿ ಮೆಂತ್ಯ ಹಾಕಿದರು, ಬದನೆ ನೆಟ್ಟರು. ಮೆಂತ್ಯ ಮೊಳೆತು ನಾಲ್ಕನೆಯ ಎಲೆಗೆ ಹಳದಿಯಾಯಿತು. ಬೇಸಿಗೆಯಲ್ಲಿ ನೆಲದ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ ಬಂತು. ಅವರು ಅರ್ಜಿ ಕೊಟ್ಟರು. ಕಚೇರಿಯಿಂದ ಒಂದು ಸಾಲಿನ ಉತ್ತರ ಹೋಯಿತು: ಅತಿ ನೀರಾವರಿ. ಆ ಸಾಲು ನಾನು ಬರೆದದ್ದಲ್ಲ. ಬರೆಯುವಾಗ ಪಕ್ಕದ ಮೇಜಿನಲ್ಲಿ ಕೂತಿದ್ದೆ.

ಜೂನ್ ಮೊದಲ ವಾರ, ರಜೆ ಹಾಕಿ, ಬಸ್ಸಿನಲ್ಲಿ ಹೋದೆ. ಊರಿನ ಇಬ್ಬರನ್ನು ಕೂಲಿಗೆ ಕರೆದು ಹೊಲದ ನಡುಭಾಗದಲ್ಲಿ ತೋಡಿಸಿದೆ. ಮೂವತ್ತೆಂಟು ಸೆಂಟಿಮೀಟರ್‌ಗೆ ಗೆರೆ ಸಿಕ್ಕಿತು. ಚಾಕುವಿನಿಂದ ಕೊಯ್ದಂತೆ ನೆಟ್ಟಗೆ. ಮೇಲೆ ಕಂದು ಕ್ಲೇ ಲೋಮ್, ಕೆಳಗೆ ಬೂದು ಎರೆ, ಅಂಟಿನಂತೆ ಜಿಗುಟು. ಗೆರೆಯ ಮೇಲೆ ಹಳೆಯ ಕಬ್ಬಿನ ಕೂಳೆಗಳು ಹಾಗೇ ಮಲಗಿದ್ದವು, ಒಂದು ಗೊಬ್ಬರದ ಚೀಲದ ಪ್ಲಾಸ್ಟಿಕ್ ತುಂಡೂ ಇತ್ತು. ನದಿ ಗೊಬ್ಬರದ ಚೀಲ ಹಾಸಿ ಅದರ ಮೇಲೆ ಮಣ್ಣು ಹರಡುವುದಿಲ್ಲ. ಉಪ್ಪಿನ ಅಳತೆ ನಾಲ್ಕು ದಾಟಿದರೆ ಹೆಚ್ಚಿನ ಬೆಳೆಗೆ ಕಷ್ಟ, ಕೆಳಗಿನ ಮಣ್ಣಿನಲ್ಲಿ ಒಂಬತ್ತು ಇತ್ತು. ಕಬ್ಬು ಕಡಿದ ಮೇಲೆ ನೆಲ ಬರಿದಾಗಿ, ಬಿಸಿಲಿಗೆ ತೇವ ಮೇಲೇರುವಾಗ ಉಪ್ಪೂ ಏರಿದೆ. ಅಕ್ಕಪಕ್ಕದ ಕಬ್ಬಿನ ನೀರು ಕೆಳಗಿನಿಂದ ತಳ್ಳುತ್ತಲೇ ಇತ್ತು.

ವರ್ಗೀಕರಣದಲ್ಲಿ ಒಂದು ನಿಯಮವಿದೆ. ಹೊರಗಿನಿಂದ ಬಂದ ಪದರ ಐವತ್ತು ಸೆಂಟಿಮೀಟರ್ ಇಲ್ಲದಿದ್ದರೆ ಸಾಮಾನ್ಯವಾಗಿ ಹೆಸರಿಡಬೇಕಾದದ್ದು ಕೆಳಗೆ ಹೂತ ಮಣ್ಣಿಗೆ. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ಪಡೆದಿದ್ದೆ. ದಾರಿಯ ಪಕ್ಕದ ನನ್ನ ಹಳೆಯ ಗುಂಡಿ ಇದ್ದದ್ದು ಟ್ರ್ಯಾಲಿಗಳು ಬಂದು ಮಣ್ಣು ಸುರುವಿದ ಜಾಗದಲ್ಲಿ. ಅಲ್ಲಿ ಮಾತ್ರ ಅದು ಒಂದು ಮೀಟರಿಗೂ ಹೆಚ್ಚು ದಪ್ಪವಿತ್ತು. ಗುಂಡಿಯಲ್ಲಿ ನಿಂತು ಇದೆಲ್ಲ ಅರ್ಥವಾದಾಗ ನನಗೆ ಏನೂ ಅನ್ನಿಸಲಿಲ್ಲ. ಟೇಪು ಹಿಡಿದೆ, ಓದಿದೆ, ಬರೆದುಕೊಂಡೆ. ಕೂಲಿಯವರು ಚಹಾ ತಂದರು, ಕುಡಿದೆ.

ತಿದ್ದುಪಡಿ ವರದಿ ಕೊಟ್ಟೆ. ಕಚೇರಿಯ ಹಿರಿಯ ಅಧಿಕಾರಿ ಪೂರ್ತಿ ಓದಿದರು. “ಮಣ್ಣಿನ ವರ್ಗ ತಿದ್ದಬಹುದು. ನೋಂದಣಿ ಆಗಿದೆ, ತೊಟ್ಟಿಯಲ್ಲಿ ನೀರು ನಿಂತಿದೆ. ಅದನ್ನು ಹೇಗೆ ತಿದ್ದುತ್ತೀರಿ?” ಎಂದು ಕಡತಕ್ಕೆ ಸೇರಿಸಿದರು. ಅದು ಈಗಲೂ ಕಡತದಲ್ಲಿದೆ. ತರಬೇತಿಯಲ್ಲಿ ತೋರಿಸುವುದು ಮೊದಲಿನದನ್ನು.

ಕೆಲಸ ಕಲಿಸಿದ್ದೇನು ಎಂದು ಕೇಳಿದರೆ ಹೇಳಬಹುದಾದದ್ದು ಇಷ್ಟು. ಈಗ ನಾನು ಊರಿಗೆ ಹೋಗುವ ಮೊದಲೇ ನಕ್ಷೆಯ ಮೇಲೆ ಗುಂಡಿಯ ಜಾಗ ಗುರುತು ಮಾಡಿಕೊಳ್ಳುತ್ತೇನೆ. ಕಬ್ಬು ನಿಂತಿದ್ದರೆ ಕಬ್ಬಿನೊಳಗೇ ಹೋಗುತ್ತೇನೆ, ಮುಖ ಕೊಯ್ಯುತ್ತದೆ. ಹೊಲದ ಒಡೆಯರಿಗಿಂತ ಮೊದಲು ಅಲ್ಲಿ ಕೂಲಿ ಮಾಡಿದವರನ್ನು ಹುಡುಕಿ ಮಾತಾಡಿಸುತ್ತೇನೆ. ಇದನ್ನು ಪಾಠ ಎಂದು ಬರೆಯಲು ಹಿಂಜರಿಕೆ. ಇದರ ಬೆಲೆ ಕೊಟ್ಟವರು ಬೇರೆ.

ತಿದ್ದುಪಡಿ ಕಡತ ಸೇರಿದ ವಿಷಯವನ್ನು ಖುದ್ದಾಗಿ ಹೇಳಲು ಹೋದೆ. ಸಖೂಬಾಯಿ ಬಾಳಗೌಡರ ಇನ್ನೊಂದು ಹೊಲದಲ್ಲಿ ಕಸ ತೆಗೆಯುತ್ತಿದ್ದರು, ಈಗ ವಾರದ ಆರೂ ದಿನ ಅದೇ. ಮೊದಲ ಗುಂಡಿಯ ಜಾಗ ಯಾರು ತೋರಿಸಿದ್ದು ಎಂಬುದನ್ನೂ ಸೇರಿಸಿ, ಬದುವಿನ ಮೇಲೆ ಕೂತು ಪೂರ್ತಿ ಕೇಳಿದರು.

“ನೀವು ಹೇಳಿದ್ದೇ ಸರಿ. ಮೂವತ್ತೆಂಟು ಸೆಂಟಿಮೀಟರ್,” ಎಂದೆ.

“ಒಂದ ಮೊಳಕ್ಕ ನಾಕ ಬಟ್ಟ ಕಮ್ಮಿ. ಎರಡ ಬ್ಯಾಸಗಿ ಅದನ್ನ ಬುಟ್ಟ್ಯಾಗ ತುಂಬಿ ಟ್ರ್ಯಾಲಿಗಿ ಒಗದಾಕಿ ನಾನs ಅದೀನ್ರಿ. ಎಂಟ ಮಂದಿ ಹೆಣ್ಣಮಕ್ಕಳಿದ್ವಿ.”

“ಅವತ್ತು ಇದನ್ನು ಯಾಕೆ ಹೇಳಲಿಲ್ಲ?”

“ಮಾಲಕರು ಎದರಗs ಕುಂತಿದ್ರು. ಮರದಿನ ಕೆಲಸಕ್ಕ ಹೋಗೂದು ಅವರ ಹೊಲಕ್ಕs. ಅಷ್ಟs ಹೇಳಾಕನs ನನಗ ಸಾಕಸಾಕಾಗಿತ್ತು. ಮ್ಯಾಲ ನೀವು ಕಾಗದ ಕೇಳಿದ್ರಿ.”

 ಸಾಲಿನ ಆ ತುದಿಯಿಂದ ಯಾರೋ ಅವರನ್ನು ಕೂಗಿದರು. ಅವರು ಕುರ್ಪಿ ಕೈಗೆತ್ತಿಕೊಂಡು ಎದ್ದರು. ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕೆಂದೇ ಕೇಳಿದರು:

“ಮೇಡಂ, ಒಂದ ಮಾತ ಹೇಳ್ರಿ. ‘ಇಲ್ಲೇ ತೋಡ್ರಿ’ ಅಂತ ಮಾಲಕರು ಜಾಗಾ ತೋರ್ಸಿದಾಗ, ಅವರಿಗೂ ಕಾಗದ ಕೇಳಿದ್ರೇನ್ರಿ?”