ವಾಮನಣ್ಣನ ಡಿಕ್ಕಿಯ ಶಾಲುಗಳು

ವಾಮನಣ್ಣನ ಕಾರಿನ ಡಿಕ್ಕಿಯಲ್ಲಿ, ಗಾಜಿನ ಮೇಲಿನ ಹಿಮ ಕೆರೆಯುವ ಬ್ರಷ್ಷಿನ ಪಕ್ಕ, ನಾಲ್ಕಾರು ಶಾಲುಗಳು ಪ್ಲಾಸ್ಟಿಕ್ ಕವರಿನ ಸಮೇತ ಯಾವಾಗಲೂ ಸಿದ್ಧವಾಗಿರುತ್ತಿದ್ದವು. ಜೊತೆಗೆ ಒಂದು ಮೈಸೂರು ಪೇಟ, ಗಂಧದ ಹಾರ, ಹಿತ್ತಾಳೆಯ ತಟ್ಟೆ. ಯಾರಿಗೆ ಯಾವಾಗ ಸನ್ಮಾನ ಮಾಡಬೇಕಾಗಿ ಬರುತ್ತದೋ ಹೇಳಲಾಗದು ಎಂಬುದು ಅವರ ವಾದ. ಹಿಮದಲ್ಲಿ ಕಾದು ನಿಂತು ನಮ್ಮವರನ್ನು ಹತ್ತಿಸಿಕೊಂಡ ಬಸ್ ಡ್ರೈವರನಿಗೆ, ಕನ್ನಡದ ಮಕ್ಕಳಿಗೆ ಮೊಸರನ್ನ ತಿನ್ನಿಸಲು ಕಲಿತ ಡಾಗಿಸ್ ಎಂಬ ಶಿಶುವಿಹಾರದ ಟೀಚರಿಗೆ, ಎಲ್ಲರಿಗೂ ಶಾಲು ಬಿದ್ದಿದೆ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎನ್ನುತ್ತಾರೆ. ವಾಮನಣ್ಣ ಕೊಟ್ಟದ್ದು ಊರಿಗೆಲ್ಲ ಗೊತ್ತಾಗಬೇಕು, ಗೊತ್ತಾದವರು ಚಪ್ಪಾಳೆಯನ್ನೂ ತಟ್ಟಬೇಕು.

ಹೆಸರು ವಾಮನ, ಆಳು ಆರಡಿ. ಉಡುಪಿಯ ಕಡೆಯವರು. ಕಾರ್ಖಾನೆಗಳಿಗೆ ಎಂಜಿನಿಯರುಗಳನ್ನು ಒದಗಿಸುವ ಕಂಪನಿ ಕಟ್ಟಿ ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿ ದೊಡ್ಡ ಮನೆ, ಬಾಡಿಗೆಗೆ ಕೊಡಲು ಕೆಲವು ಫ್ಲ್ಯಾಟು ಮಾಡಿಕೊಂಡಿದ್ದರು. ಬೆಂಗಳೂರಿನವರೇ ಹೆಚ್ಚಿರುವ ಕನ್ನಡ ಕೂಟದಲ್ಲಿ ತೂಕದ ಮಾತಾಡುತ್ತಿದ್ದರು. ಆದರೆ ಕ್ರಿಕೆಟ್ ಎಂದೊಡನೆ 'ಮಾರಾಯ' ಹೊರಬಂದುಬಿಡುತ್ತಿತ್ತು.

ನಾನು ಓದಲೆಂದು ಈ ಊರಿಗೆ ಬಂದಿಳಿದಾಗ ಸ್ಟೇಷನ್ನಿಗೆ ಬಂದವರು ಅವರೇ. ಕೋಣೆ ಹುಡುಕಿಕೊಟ್ಟರು, ಪರ್ಸೊನ್‌ನುಮ್ಮರ್ ಎಂಬ ಇಲ್ಲಿನ ಗುರುತಿನ ಸಂಖ್ಯೆ ಬರುವವರೆಗೆ ತಮ್ಮ ಹೆಸರಿನಲ್ಲೇ ಫೋನ್ ಕೊಡಿಸಿದರು, ಚಳಿಗೆ ಒಂದು ಕೋಟು ಕೊಡಿಸಿದರು. ಕೋಟು ಕೊಡಿಸಿದ್ದನ್ನು ಮುಂದಿನ ಸಭೆಯಲ್ಲಿ ಮೈಕಿನಲ್ಲಿ ಎಲ್ಲರಿಗೂ ಹೇಳಿದರು. ನನಗೆ ನಾಚಿಕೆಯಾಗಿತ್ತು. ಕೋಟು ಮಾತ್ರ ಬೆಚ್ಚಗಿತ್ತು, ಈಗಲೂ ಅದನ್ನೇ ಹಾಕುತ್ತೇನೆ.

ಒಮ್ಮೆ ಕೊಮ್ಯೂನಿನ, ಅಂದರೆ ಇಲ್ಲಿನ ನಗರಸಭೆಯ, ಅಧಿಕಾರಿಯೊಬ್ಬರು ನಮ್ಮ ವಿದ್ಯಾರ್ಥಿ ಕ್ರಿಕೆಟ್ ಕ್ಲಬ್ಬಿಗೆ ಮೈದಾನ ಮಂಜೂರು ಮಾಡಿದರು. ವಾಮನಣ್ಣ ಅವರನ್ನು ಮೈದಾನಕ್ಕೇ ಕರೆಸಿ, ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತರು. ಆ ಮನುಷ್ಯ ನಗುತ್ತಲೇ ಎಲ್ಲಕ್ಕೂ ತಲೆಬಾಗಿದ. ಮರುದಿನ ಸೈಕಲ್ಲಿನಲ್ಲಿ ಬಂದು, ಇದನ್ನೆಲ್ಲ ನಾನು ಇಟ್ಟುಕೊಳ್ಳುವ ಹಾಗಿಲ್ಲ ಎಂದು ಅಷ್ಟನ್ನೂ ಹಿಂದಿರುಗಿಸಿ ಹೋದ. ಬಾಳೆಹಣ್ಣು ಒಂದೂ ಕಡಿಮೆಯಾಗಿರಲಿಲ್ಲ. "ಪ್ರೀತಿಯಲ್ಲಿ ಕೊಟ್ಟದ್ದಕ್ಕೂ ರೂಲ್ಸ್ ಉಂಟಾ ಮಾರಾಯ್ತಿ ಇವ್ರಿಗೆ!" ಎಂದು ವಾಮನಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ಅವರು ಸ್ವತಃ ಬ್ಯಾಟು ಹಿಡಿದದ್ದನ್ನು ನಾನು ಕಂಡಿಲ್ಲ. ಆದರೆ ಪಂದ್ಯವಿದ್ದ ದಿನ ಬೌಂಡರಿಯ ಆಚೆ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಾನು ಪಕ್ಕದಲ್ಲಿ ಸ್ಕೋರು ಹಾಕುತ್ತಿದ್ದೆ. ಹುಡುಗರ ಬೂಟು, ಜೆರ್ಸಿ, ಮಧ್ಯಾಹ್ನದ ಪಲಾವು ಎಲ್ಲ ಅವರದೇ. ನಮ್ಮದು ವಿದ್ಯಾರ್ಥಿ ತಂಡಗಳ ಲೀಗ್. ಆಡುವವರು ನಿಜವಾದ ವಿದ್ಯಾರ್ಥಿಗಳಾಗಿರಬೇಕು, ಆಡುವುದಕ್ಕೆಂದು ಯಾರಿಂದಲೂ ಏನೂ ಪಡೆದಿರಬಾರದು ಎಂದು ನಿಯಮ. ಪಲಾವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ಪ್ರತಿ ಬೇಸಿಗೆಯೂ ಸೆಮಿಫೈನಲ್ಲಿನಲ್ಲಿ ಸೋತು ಬರುವುದು ವಾಮನಣ್ಣನಿಗೆ ಸಾಕಾಗಿತ್ತು.

ಒಂದು ದಿನ ಕಾರಿನಲ್ಲಿ ಹೋಗುವಾಗ ಫೋನಿನಲ್ಲಿ ವಿಡಿಯೊ ತೋರಿಸಿದರು. ಕುಂದಾಪುರದ ಕಡೆಯ ಒಂದು ಟೆನಿಸ್ ಬಾಲ್ ಟೂರ್ನಮೆಂಟು. ನಿತೇಶ ಎಂಬ ತೆಳ್ಳಗಿನ ಹುಡುಗ ಓಡಿ ಬಂದು ಎಸೆದರೆ ಸ್ಟಂಪು ಹಾರಿ ಹೋಗುತ್ತಿತ್ತು. "ಇವನು ಬೇಕು" ಎಂದರು, ತರಕಾರಿ ಅಂಗಡಿಯಲ್ಲಿ ಬದನೆಕಾಯಿ ತೋರಿಸಿದ ಹಾಗೆ. ಅಲ್ಲೇ, ಸ್ಪೀಕರಿನಲ್ಲಿ, ಅವನ ತಾಯಿ ಗಿರಿಜಮ್ಮನಿಗೆ ಫೋನ್ ಮಾಡಿದರು. ಮಗ ಎಂಜಿನಿಯರಿಂಗ್ ಮುಗಿಸಿ ಮನೆಯಲ್ಲಿದ್ದ.

"ಇಲ್ಲಿ ಮಾಸ್ಟರ್ಸ್ ಮಾಡ್ಲಿ. ಫೀಸು, ಮನೆ, ಎಲ್ಲ ನಂದು. ನೀವೆಂತ ತಲೆಬಿಸಿ ಮಾಡ್ಬೇಡಿ, ನಾನಿದ್ದೇನೆ" ಎಂದರು ವಾಮನಣ್ಣ.

"ಓದು ಮುಗ್ಸಿ ಕಳ್ಸಿಕೊಡಿ, ಅಷ್ಟ್ ಸಾಕು" ಎಂದರು ಆಕೆ. ಕ್ರಿಕೆಟ್ಟಿನ ಸುದ್ದಿ ಆಕೆ ಎತ್ತಲೂ ಇಲ್ಲ.

ನಿತೇಶ ಬಂದ. ಮಾತು ಕಡಿಮೆ, ನನ್ನನ್ನು ಅಕ್ಕ ಎನ್ನುತ್ತಿದ್ದ. ವಾಮನಣ್ಣನ ಫ್ಲ್ಯಾಟಿನಲ್ಲಿ ವಾಸ, ವಾಮನಣ್ಣನ ಕಂಪನಿಯಲ್ಲಿ ಹೆಸರಿಗೊಂದು ಕೆಲಸ. ಕ್ಲಾಸು ತಪ್ಪಿಸುತ್ತಿರಲಿಲ್ಲ. ಆ ಬೇಸಿಗೆ ಎದುರಾಳಿಗಳ ಸ್ಟಂಪುಗಳು ಹಾರುತ್ತಲೇ ಇದ್ದವು, ಕಪ್ಪು ನಮ್ಮದಾಯಿತು. ವಾಮನಣ್ಣ ಮೈದಾನದಲ್ಲೇ ಅತ್ತರು. ಅಷ್ಟು ಸಂತೋಷ ಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಇಲ್ಲಿಗೆ ಸುಮ್ಮನಿದ್ದಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ನವೆಂಬರ್ ಬಂತು, ರಾಜ್ಯೋತ್ಸವ ಬಂತು. ಸನ್ಮಾನವಿಲ್ಲದ ರಾಜ್ಯೋತ್ಸವ ಉಂಟೇ? ಶಾಲೆಯೊಂದರ ಹಾಲ್ ಬಾಡಿಗೆಗೆ ಹಿಡಿದಿದ್ದೆವು. ನಿರೂಪಣೆ ಪ್ರತಿ ವರ್ಷದಂತೆ ನನ್ನದು. ವೇದಿಕೆಯಲ್ಲಿ ನಿತೇಶನನ್ನು ಕೂರಿಸಿ ಪೇಟ ತೊಡಿಸಿ ಶಾಲು ಹೊದಿಸಿದರು. ಹಿತ್ತಾಳೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಅವುಗಳ ನಡುವೆ ಒಂದು ಕಾರಿನ ಕೀ. ವಾಮನಣ್ಣ ಮೈಕು ಹಿಡಿದರು.

"ಇವ್ನಿಗೆ ನಾನು ಆಫೀಸಲ್ಲಿ ಹೇಳಿದ್ದೇನೆ, ಕೆಲಸ ಎಂತ ಮಾಡ್ಬೇಡ ಮಾರಾಯ, ನೀನು ಬೌಲಿಂಗ್ ಮಾಡು ಸಾಕು ಅಂತ!"

ಇಡೀ ಹಾಲೇ ನಕ್ಕಿತು. ಚಪ್ಪಾಳೆ ಬಿತ್ತು. ಯಾರೋ ಅಷ್ಟನ್ನೂ ವಿಡಿಯೊ ಮಾಡಿದರು, ಅದು ಆ ರಾತ್ರಿಯೇ ಕೂಟದ ಪುಟಕ್ಕೆ ಏರಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾವು ಅಷ್ಟಕ್ಕೂ ಕಾಯದೆ, ಹೆಗಲ ಮೇಲೆ ಶಾಲು ಹೊದಿಸಿ ಫೋಟೊ ತೆಗೆದು ನಾವೇ ಹಂಚಿದೆವು. ಸೋತ ತಂಡವೊಂದರಲ್ಲಿ ಮಂಗಳೂರಿನ ಹುಡುಗನೊಬ್ಬನಿದ್ದ, ಅವನಿಗೂ ಕನ್ನಡ ಬರುತ್ತಿತ್ತು.

ಲೀಗಿನವರು ನಮ್ಮನ್ನು ಕರೆಸಿದರು. ಸಣ್ಣ ಕೋಣೆ. ವಿಚಾರಣೆಗೂ ಕಾಫಿ, ದಾಲ್ಚಿನ್ನಿಯ ಬನ್ನು ಇಟ್ಟಿದ್ದರು. ಅಧ್ಯಕ್ಷೆ ತಗ್ಗಿದ ದನಿಯ ಹೆಂಗಸು. ವಿಡಿಯೊ ಹಾಕಿ, ಮೊದಲು ಮಾತಾಡುತ್ತಿರುವುದು ಯಾರು ಎಂದರು. ನಾನು ಎಂದೆ. ಒಂದೊಂದು ವಾಕ್ಯಕ್ಕೂ ನಿಲ್ಲಿಸಿ ಅರ್ಥ ಕೇಳಿದರು. 'ಕೊಡುಗೈ ದಾನಿ, ಕ್ರೀಡಾಪಟುಗಳ ಪಾಲಿನ ಕಾಮಧೇನು' ಎಂದು ನಾನು ವೇದಿಕೆಯಲ್ಲಿ ಹಾಡಿ ಹೊಗಳಿದ್ದನ್ನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ಬೇಡಿದ್ದನ್ನೆಲ್ಲ ಕೊಡುವ ಹಸು ಎಂದಾಗ ಅಧ್ಯಕ್ಷೆ ತಲೆಯೆತ್ತಿ ವಾಮನಣ್ಣನನ್ನು ನೋಡಿದರು. ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಬೇರೆ ಯಾರದೋ ದನಿ ಕೇಳಿದ ಹಾಗಿತ್ತು.

ಆಮೇಲೆ ವಾಮನಣ್ಣನ ಸರದಿ. ವಕೀಲರು ಹೇಳಿಕೊಟ್ಟಿದ್ದರೋ ಏನೋ, ಅವರು ಮೇಜನ್ನು ನೋಡುತ್ತಾ ಮಾತಾಡಿದರು. ಹುಡುಗನೇ ಬಂದು ಕಷ್ಟ ಹೇಳಿಕೊಂಡ, ನಾನು ಸಹಾಯ ಮಾಡಿದೆ, ಕ್ರಿಕೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಕೆಲಸ ಕೊಟ್ಟಿದ್ದೆ, ಬಾರದೇ ಇದ್ದದ್ದು ಅವನ ತಪ್ಪು ಎಂದರು. ಮೈಕು ಇಲ್ಲದ ವಾಮನಣ್ಣನನ್ನು ನಾನು ನೋಡಿದ್ದು ಅದೇ ಮೊದಲು. ನಿತೇಶ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದ.

"ಹಾಗಲ್ಲ, ಕರೆಸಿದವರು ಇವರೇ. ಫೋನ್ ಮಾಡಿದಾಗ ನಾನು ಕಾರಿನಲ್ಲಿದ್ದೆ" ಎಂದೆ. ಅಧ್ಯಕ್ಷೆ ಬರೆದುಕೊಂಡರು. ಅದರಿಂದ ಏನೂ ಬದಲಾಗಲಿಲ್ಲ. ಯಾರು ಕೇಳಿದರೂ, ಯಾರು ಕೊಟ್ಟರೂ ನಿಯಮ ಒಂದೇ. ಕಪ್ಪು ಹೋಯಿತು, ತಂಡ ಹೊರಬಿತ್ತು, ನಿತೇಶ ಇನ್ನು ಆಡುವ ಹಾಗಿಲ್ಲ ಎಂದಾಯಿತು.

ಆಡುವುದು ಹೋದರೆ ಹೋಗಲಿ, ಓದು ಹೋಗಬೇಕಿರಲಿಲ್ಲ. ಅವನ ಓದಿಗೆ ವಿಶ್ವವಿದ್ಯಾಲಯದ ಅಡ್ಡಿ ಏನೂ ಇರಲಿಲ್ಲ. ಆದರೆ ಮುಂದಿನ ಟರ್ಮಿನ ಫೀಸನ್ನು ವಾಮನಣ್ಣ ಕಟ್ಟಲಿಲ್ಲ. ಹುಡುಗನ ಜೊತೆ ಯಾವ ವ್ಯವಹಾರವೂ ಬೇಡವೆಂದು ವಕೀಲರು ಹೇಳಿದ್ದಾರೆ ಎಂದು ಬೇರೆಯವರ ಬಾಯಲ್ಲಿ ಹೇಳಿ ಕಳಿಸಿದರು. ನಾವು ಕೆಲವರು ಕೈಲಾದದ್ದು ಹಾಕಿದೆವು, ಸಾಲಲಿಲ್ಲ. ಫೀಸಿಲ್ಲದೆ ಇಲ್ಲಿರುವ ಪರ್ಮಿಟ್ ಇಲ್ಲ.

ನಿತೇಶನನ್ನು ಸ್ಟೇಷನ್ನಿಗೆ ಬಿಡಲು ನಾನೇ ಹೋದೆ. ಒಂದು ಚೀಲ ಕೊಟ್ಟ. ಫ್ಲ್ಯಾಟಿನ ಕೀ, ಕಾರಿನ ಕೀ, ಮೊದಲಿದ್ದ ಕವರಿನಲ್ಲೇ ಮಡಚಿಟ್ಟ ಶಾಲು.

"ವಾಮನಣ್ಣನಿಗೆ ಕೊಡಿ ಅಕ್ಕ. ನಂಗೆ ಬೇಜಾರಿಲ್ಲ ಅಂತ ಹೇಳಿ. ಅಮ್ಮನ ಹತ್ರ ಮಾತ್ರ ಅವ್ರೇ ಮಾತಾಡ್ಲಿ. ನಾನು ಎಂತ ಹೇಳಿದ್ರೂ ಅಮ್ಮ ನಂಬುದಿಲ್ಲ, ನೀನೇ ಏನೋ ತಪ್ಪು ಮಾಡಿ ಬಂದೆ ಅಂತಾರೆ."

ರೈಲು ಸರಿಯಾದ ಸಮಯಕ್ಕೆ ಹೊರಟಿತು.

ನಾನು ಹೋದಾಗ ವಾಮನಣ್ಣ ಮನೆಯ ಮುಂದೆ ಕಾರಿನ ಚಳಿಗಾಲದ ಟೈರು ಬಿಚ್ಚಿ ಬೇಸಿಗೆಯ ಟೈರು ಹಾಕುತ್ತಿದ್ದರು. ಡಿಕ್ಕಿ ತೆರೆದಿತ್ತು. ಚೀಲ ಕೊಟ್ಟು, ನಿತೇಶ ಹೇಳಿದ್ದನ್ನು ಹಾಗೇ ಒಪ್ಪಿಸಿದೆ. ಶಾಲನ್ನು ತಿರುಗಿಸಿ ನೋಡಿದರು.

"ಒಂದು ಕಲೆ ಇಲ್ಲ ನೋಡು. ಶಿಸ್ತಿನ ಹುಡುಗ" ಎಂದರು. ಅದನ್ನು ಉಳಿದ ಶಾಲುಗಳ ಮೇಲಿಟ್ಟು ಕೈಯಲ್ಲಿ ಒತ್ತಿ ಸರಿಮಾಡಿದರು.

"ಅವರಮ್ಮನಿಗೆ ಫೋನ್ ಮಾಡಿ" ಎಂದೆ.

"ನಂಬರ್ ಉಂಟು ನನ್ನ ಹತ್ರ" ಎಂದರು. ಕಾಫಿ ಕುಡಿದು ಹೋಗು ಎಂದರು. ನಾನು ಬೇಡವೆಂದು ಬಸ್ಸು ಹಿಡಿದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೈಮೇಲೆ ಅವರು ಕೊಡಿಸಿದ ಕೋಟೇ ಇತ್ತು.

ಅದೇ ಕೊನೆ. ವಾಮನಣ್ಣ ಇದೇ ಊರಿನಲ್ಲಿದ್ದಾರೆ, ಆದರೆ ಮೈದಾನಕ್ಕೂ ಬರುವುದಿಲ್ಲ, ಕೂಟಕ್ಕೂ ಬರುವುದಿಲ್ಲ. ಈ ಸಲದ ರಾಜ್ಯೋತ್ಸವದಲ್ಲಿ ಸನ್ಮಾನ ಇರಲಿಲ್ಲ. ಕಾರ್ಯಕ್ರಮ ಬೇಗ ಮುಗಿಯಿತು, ಊಟ ಬಿಸಿಯಾಗಿಯೇ ಸಿಕ್ಕಿತು.

ಕುರ್ಚಿಗಳನ್ನು ಒಟ್ಟುತ್ತಿದ್ದಾಗ ನನಗೊಂದು ಫೋನ್ ಬಂತು. ಗಿರಿಜಮ್ಮ. ನಂಬರನ್ನು ಮಗನ ಫೋನಿನಿಂದ ತೆಗೆದುಕೊಂಡರಂತೆ.

"ಮಗ ಏನೋ ತಪ್ಪು ಮಾಡಿ ಬಂದಿದ್ದ, ಬಾಯಿ ಬಿಡುದಿಲ್ಲ. ಅದು ಹೋಗ್ಲಿ ಅಮ್ಮ. ವಾಮನಣ್ಣ ಹೇಂಗಿದ್ರ್? ನಾನ್ ಎಷ್ಟ್ ಸಲ ಮಾಡಿದ್ರೂ ಫೋನ್ ಎತ್ತುದಿಲ್ಲ. ಅಷ್ಟು ದೊಡ್ಡ ಮನುಷ್ಯ ನಮ್ಗೋಸ್ಕರ ಅಷ್ಟೆಲ್ಲ ಮಾಡಿದ್ರ್. ಅವ್ರಿಗೆ ಮೈಗೇನೂ ಆಯ್ಲಿಲ್ಲ ಅಲ್ದಾ?"

"ಏನೂ ಆಗಿಲ್ಲಮ್ಮ" ಎಂದೆ. "ಚೆನ್ನಾಗಿದ್ದಾರೆ."

"ದೇವ್ರು ದೊಡ್ಡವನು" ಎಂದರು ಗಿರಿಜಮ್ಮ. "ಅವ್ರ ಹೆಸ್ರಲ್ಲಿ ಒಂದು ಹೂವಿನ ಪೂಜೆ ಹರಕೆ ಹೇಳಿಕೊಂಡಿದ್ದೆ."